ಸಂತೆಯ ಲೆಕ್ಕ, ಶಾಲೆಯ ಲೆಕ್ಕ

ವಾರದ ದಿನವನ್ನೇ ಹೆಸರಾಗಿ ಹೊತ್ತ ಊರುಗಳು ಉತ್ತರ ಕೊಡಗಿನಲ್ಲಿ ಎರಡಿವೆ. ಒಂದು ತಾಲ್ಲೂಕು ಕೇಂದ್ರವಾದ ಸೋಮವಾರಪೇಟೆ. ಇನ್ನೊಂದು ಹಾಸನ ಜಿಲ್ಲೆಯ ಗಡಿಯ ಸಮೀಪದಲ್ಲಿರುವ ಹೋಬಳಿ ಕೇಂದ್ರ ಶನಿವಾರಸಂತೆ. ಕೊಳ್ಳುವುದು, ಮಾರುವುದು, ತೂಗುವುದು, ಚಿಲ್ಲರೆ ಎಣಿಸುವುದು ಇಂಥ ಊರಿನ ನಿತ್ಯದ ಬಾಳು. ಇಲ್ಲಿ ಹುಟ್ಟಿದ ಮಗು ಅಕ್ಷರದ ಗುರುತಿಗೆ ಮೊದಲೇ ತಕ್ಕಡಿಯ ಗುರುತು ಹಿಡಿಯುತ್ತದೆ. ತಂದೆಯ ಅಂಗಡಿಯಲ್ಲೋ ತಾಯಿಯ ಸೊಪ್ಪಿನ ಬುಟ್ಟಿಯ ಪಕ್ಕದಲ್ಲೋ ನಿಂತ ಹುಡುಗಿಯನ್ನು, ಕಿಲೋಗೆ 60 ರೂಪಾಯಿಯಂತೆ ಮುಕ್ಕಾಲು ಕಿಲೋ ಹಸಿಮೆಣಸಿನಕಾಯಿಗೆ ಎಷ್ಟಾಯಿತು ಎಂದು ಕೇಳಿ ನೋಡಿ. ಅರ್ಧಕ್ಕೆ 30, ಕಾಲಿಗೆ 15, ಒಟ್ಟು 45; 100ರ ನೋಟು ಕೊಟ್ಟರೆ 55 ಹಿಂದಕ್ಕೆ ಎಂದು ನಾಲಿಗೆಯ ತುದಿಯಿಂದಲೇ ಉತ್ತರ ಬರುತ್ತದೆ.

ಅದೇ ಹುಡುಗಿಗೆ ಸೋಮವಾರ ಶಾಲೆಯಲ್ಲಿ 60ನ್ನು 0.75ರಿಂದ ಗುಣಿಸು ಎಂದರೆ ಕೈ ತಡವರಿಸುತ್ತದೆ. 4500 ಎಂದು ಬರೆದು ಕೊಡುತ್ತಾಳೆ. ಮುಕ್ಕಾಲು ಕಿಲೋ ಮೆಣಸಿನಕಾಯಿಗೆ ನಾಲ್ಕೂವರೆ ಸಾವಿರ ಕೇಳುವ ವ್ಯಾಪಾರಿ ಎಲ್ಲಾದರೂ ಉಂಟೇ? ಸಂತೆಯಲ್ಲಾಗಿದ್ದರೆ ಅವಳೇ ನಗುತ್ತಿದ್ದಳು. ಶಾಲೆಯಲ್ಲಿ ನಗು ಬರುವುದಿಲ್ಲ. ಏಕೆಂದರೆ ಕರಿಹಲಗೆಯ ಆ ಅಂಕಿಗಳ ಹಿಂದೆ ಅವಳ ಪಾಲಿಗೆ ಮೆಣಸಿನಕಾಯಿಯೂ ಇಲ್ಲ, ರೂಪಾಯಿಯೂ ಇಲ್ಲ. ಎರಡು ಕೆಲಸವೂ ಒಂದೇ ಎಂಬುದನ್ನು ಅವಳಿಗೆ ಯಾರೂ ತೋರಿಸಿಲ್ಲ.

‘ಇವಳ ತಲೆಗೆ ಲೆಕ್ಕ ಹತ್ತುವುದಿಲ್ಲ’ ಎಂದು ಶಾಲೆ ತೀರ್ಪು ಕೊಡುತ್ತದೆ. ಮಿಲ್ಲಿನಲ್ಲಿ ಮೂಟೆ ಹೊರುವ ತಂದೆ, ಅಂಗಡಿ ನೋಡಿಕೊಳ್ಳುವ ತಾಯಿ ಆ ತೀರ್ಪನ್ನು ತಲೆಬಾಗಿ ಒಪ್ಪುತ್ತಾರೆ. ‘ನಮ್ಮ ಹಣೆಯಲ್ಲಿ ವಿದ್ಯೆ ಬರೆದಿಲ್ಲ’ ಎಂದು ತಮ್ಮನ್ನು ತಾವೇ ಸಮಾಧಾನಪಡಿಸಿಕೊಳ್ಳುತ್ತಾರೆ. ಈ ತೀರ್ಪು ತಪ್ಪು, ಇದನ್ನು ಒಪ್ಪಬೇಡಿ ಎಂದು ಓದುಗರಿಗೆ ಹೇಳುವುದೇ ಈ ವಾರದ ನಮ್ಮ ಉದ್ದೇಶ.

ದೂರದೂರಿನ ಸಾಕ್ಷಿ

ನಾವು ಹೇಳುತ್ತಿರುವುದು ಬರಿಯ ಮರುಕದ ಮಾತಲ್ಲ. ಬ್ರೆಜಿಲ್ ದೇಶದ ರೆಸೀಫೆ ನಗರದ ಸಂತೆ ಬೀದಿಗಳಲ್ಲಿ ತೆಂಗಿನಕಾಯಿ, ಹಣ್ಣು ಮಾರುತ್ತಿದ್ದ ಐವರು ಬಡ ಮಕ್ಕಳನ್ನು ಟೆರೆಜಿನ್ಹಾ ಕರಾಹರ್, ಡೇವಿಡ್ ಕರಾಹರ್, ಅನಲೂಸಿಯಾ ಶ್ಲೀಮನ್ ಎಂಬ ಮೂವರು ಮನಶ್ಶಾಸ್ತ್ರಜ್ಞರು ಪರೀಕ್ಷಿಸಿ, 1985ರಲ್ಲಿ ಅದರ ವರದಿಯನ್ನು ಪ್ರಕಟಿಸಿದರು. ಮೊದಲು ಗಿರಾಕಿಗಳಂತೆ ಹೋಗಿ ಬೆಲೆ ಕೇಳಿದರು, ಚಿಲ್ಲರೆ ಕೇಳಿದರು. ಹೀಗೆ ಕೇಳಿದ 63 ಲೆಕ್ಕಗಳಲ್ಲಿ ನೂರಕ್ಕೆ 98ರಷ್ಟು ಸರಿಯಾಗಿದ್ದವು. ಆಮೇಲೆ ಅದೇ ಮಕ್ಕಳ ಕೈಗೆ ಪೆನ್ಸಿಲು, ಕಾಗದ ಕೊಟ್ಟು ಅಂಥವೇ ಲೆಕ್ಕಗಳನ್ನು ಬರಿಯ ಅಂಕಿಗಳಾಗಿ ಕೊಟ್ಟಾಗ ಸರಿಯಾದವು ನೂರಕ್ಕೆ 37 ಮಾತ್ರ. ಕಥೆಯ ರೂಪದಲ್ಲಿ, ಇಂಥವನು ಇಷ್ಟು ಕೊಂಡ ಎಂದು ಕೊಟ್ಟಾಗ ನೂರಕ್ಕೆ 74.

ಆ ಹುಡುಗರು ಸಂತೆಯಲ್ಲಿ ಲೆಕ್ಕ ಮಾಡಿದ ಬಗೆಯೂ ನಮ್ಮವರದೇ. ಒಂದಕ್ಕೆ 35ರಂತೆ ಹತ್ತು ಕಾಯಿಗೆ ಎಷ್ಟು ಎಂದರೆ, ಮೂರಕ್ಕೆ 105, ಇನ್ನು ಮೂರು ಸೇರಿ 210, ಮತ್ತೆ ಮೂರು ಸೇರಿ 315, ಉಳಿದ ಒಂದು ಸೇರಿ 350. ಹತ್ತರಿಂದ ಗುಣಿಸಲು ಒಂದು ಸೊನ್ನೆ ಹಾಕಿದರೆ ಸಾಕು ಎಂಬ ಶಾಲೆಯ ನಿಯಮ ಅವರಿಗೆ ಬೇಕಾಗಲಿಲ್ಲ. ನಿಯಮ ಗೊತ್ತಿದ್ದರೆ ಕೆಲಸ ಹಗುರವಾಗುತ್ತಿತ್ತು, ನಿಜ. ಆದರೆ ನಿಯಮ ತಿಳಿಯದವನು ದಡ್ಡನೆಂದು ಹೇಳುವ ಎದೆಗಾರಿಕೆ ಯಾರಿಗಿದೆ?

ನಮ್ಮ ದೇಶದ ಸಾಕ್ಷಿಯೂ ಈಗ ಬಂದಿದೆ. 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಹಾಗೂ ಅವರ ಸಂಗಡಿಗರು ಕಲ್ಕತ್ತೆ ಮತ್ತು ದೆಹಲಿಯ ಸಂತೆಗಳಲ್ಲಿ ಮಾರಾಟಕ್ಕೆ ನಿಂತ ಸುಮಾರು 1,400 ಮಕ್ಕಳನ್ನು ಪರೀಕ್ಷಿಸಿದರು. 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಎರಡು ಬಗೆಯ ತರಕಾರಿಯ ತೂಕ, ಬೆಲೆ, ಮೊತ್ತ, ಚಿಲ್ಲರೆ ಎಲ್ಲವನ್ನೂ ಬಾಯಲ್ಲೇ ಲೆಕ್ಕ ಹಾಕುವ ಮಕ್ಕಳು ಶಾಲೆಯ ಪುಸ್ತಕದ ಸಾಮಾನ್ಯ ಭಾಗಾಕಾರದ ಮುಂದೆ ಸೋತರು. ಅದೇ ಪರೀಕ್ಷೆಯನ್ನು ಸಂತೆಯ ಅನುಭವವಿಲ್ಲದ ಶಾಲಾಮಕ್ಕಳಿಗೂ ಕೊಟ್ಟರು. ಅವರು ಪುಸ್ತಕದ ಲೆಕ್ಕವನ್ನು ಚೆನ್ನಾಗಿ ಮಾಡಿದರು. ಸಂತೆಯ ಲೆಕ್ಕದಲ್ಲಿ ತಡವರಿಸಿದರು. ಆದುದರಿಂದ ಸೋಲು ಬಡಮಕ್ಕಳದೊಂದೇ ಅಲ್ಲ. ಎರಡು ದಡಗಳಿವೆ, ನಡುವೆ ಸಂಕವಿಲ್ಲ. ಒಂದು ದಡದಲ್ಲಿ ನಿಂತವರನ್ನು ಮಾತ್ರ ನಾವು ದಡ್ಡರೆಂದು ಕರೆಯುತ್ತಿದ್ದೇವೆ.

ಮಕ್ಕಳು ಸಂತೆಯಲ್ಲಿ ದುಡಿಯಲಿ, ಅಲ್ಲೇ ಕಲಿಯುತ್ತಾರೆ ಎಂದು ಯಾರೂ ನಮ್ಮ ಮಾತಿಗೆ ಅರ್ಥ ಹಚ್ಚಬಾರದು. 14 ವರ್ಷದ ಒಳಗಿನ ಮಗುವಿನ ಜಾಗ ಶಾಲೆ. 2016ರ ತಿದ್ದುಪಡಿಯಾದ ಮೇಲೆ ಕಾನೂನೂ ಅದನ್ನೇ ಹೇಳುತ್ತದೆ. ಶಾಲೆ ಬಿಟ್ಟ ಮೇಲೆ ಮನೆಯವರ ಕೆಲಸಕ್ಕೆ ಕೈಜೋಡಿಸುವುದಕ್ಕೆ ಮಾತ್ರ ಅವಕಾಶ ಕೊಟ್ಟಿದೆ. ನಮ್ಮ ಪ್ರಶ್ನೆ ಬೇರೆ. ಮಗು ತಲೆಯಲ್ಲಿ ಹೊತ್ತು ತಂದ ತಿಳುವಳಿಕೆಯನ್ನು ಶಾಲೆ ಬಾಗಿಲ ಹೊರಗೆ ಬಿಟ್ಟು ಬಾ ಎನ್ನುವುದೇಕೆ?

ತಿಳುವಳಿಕೆ ಹುಟ್ಟುವ ಬಗೆ

ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ದುಡಿಯುವ ಅಕ್ಕಂದಿರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹೊಸದಾಗಿ ಕೆಲಸಕ್ಕೆ ಬಂದ ಹೆಣ್ಣುಮಗಳಿಗೆ ಪೀಬೆರಿ ಎಂದರೇನು ಎಂದು ಹೇಗೆ ಕಲಿಸುತ್ತೀರಿ? ‘ಹಣ್ಣಿನೊಳಗೆ ಎರಡು ಚಪ್ಪಟೆ ಬೀಜಗಳ ಬದಲು ಒಂದೇ ಉರುಟು ಬೀಜ ಬೆಳೆದರೆ ಅದು ಪೀಬೆರಿ’ ಎಂಬ ವಾಕ್ಯವನ್ನು ಹತ್ತು ಸಲ ಬಾಯಿಪಾಠ ಮಾಡಿಸುತ್ತೀರೇನು? ಇಲ್ಲ. ಒಂದು ಹಿಡಿ ಬೀಜ ಅವಳ ಮುಂದೆ ಹರಡುತ್ತೀರಿ. ಇದು ಪೀಬೆರಿ, ಇದು ಅಲ್ಲ. ಇದು ಪೀಬೆರಿಯಂತೆ ಕಾಣುತ್ತದೆ, ಆದರೆ ಅಲ್ಲ, ತಿರುಗಿಸಿ ನೋಡು. ಇದು ಒಡಕು, ಇದು ಕಪ್ಪು, ಇದನ್ನು ಬೇರೆ ಹಾಕು. ಅವಳು ತಪ್ಪಿದಾಗ ಪಕ್ಕದವಳು ಆಗಲೇ ತಿದ್ದುತ್ತಾಳೆ. ಕೆಲವು ದಿನಗಳಾದ ಮೇಲೆ ಅವಳ ಕಣ್ಣೇ ಬೀಜವನ್ನು ಹೆಕ್ಕುತ್ತದೆ. ಆಗ ಆ ವಾಕ್ಯವನ್ನು ಹೇಳಿದರೆ ‘ಹೌದು, ಅದೇ’ ಎನ್ನುತ್ತಾಳೆ.

ಯಾವುದೇ ಪರಿಕಲ್ಪನೆ ಮನಸ್ಸಿನಲ್ಲಿ ಬೇರೂರುವ ಕ್ರಮ ಇದೇ. ಇದ್ದದ್ದನ್ನೂ ನೋಡಬೇಕು, ಅದಲ್ಲದ್ದನ್ನೂ ನೋಡಬೇಕು, ಎರಡನ್ನೂ ಹೋಲಿಸಬೇಕು, ತಪ್ಪಬೇಕು, ತಪ್ಪನ್ನು ಬೈಗುಳವಿಲ್ಲದೆ ಯಾರಾದರೂ ಕೂಡಲೇ ತಿದ್ದಬೇಕು, ಹೆಸರು, ನಿಯಮ, ಸೂತ್ರ ಕೊನೆಗೆ ಬರಬೇಕು. ನಮ್ಮ ಬಹುಪಾಲು ಶಾಲೆಗಳಲ್ಲಿ ನಡೆಯುವುದು ತಿರುಗುಮುರುಗು. ಮೊದಲು ವ್ಯಾಖ್ಯೆ, ಆಮೇಲೆ ಉದಾಹರಣೆ ಒಂದು, ಅದಲ್ಲದ್ದರ ಉದಾಹರಣೆ ಸೊನ್ನೆ, ಕೊನೆಗೆ ಪರೀಕ್ಷೆ. ತಪ್ಪು ತಿಳಿಯುವುದು ಪರೀಕ್ಷೆಯ ಅಂಕಪಟ್ಟಿಯಲ್ಲಿ. ಅಷ್ಟು ಹೊತ್ತಿಗೆ ತರಗತಿ ಮುಂದಿನ ಪಾಠಕ್ಕೆ ಹೋಗಿರುತ್ತದೆ.

1934ರಲ್ಲಿ ತೀರಿಕೊಂಡ ಸೋವಿಯೆತ್ ರಷ್ಯದ ಮನಶ್ಶಾಸ್ತ್ರಜ್ಞ ಲೆವ್ ವಿಗೋಟ್ಸ್ಕಿ ಈ ಮಾತನ್ನು ಅಂದೇ ವಿವರಿಸಿದ್ದರು. ಮಗುವಿನ ಬಾಳಿನಿಂದ ಹುಟ್ಟುವ ತಿಳುವಳಿಕೆ ಕೆಳಗಿನಿಂದ ಮೇಲಕ್ಕೆ ಬೆಳೆಯುತ್ತದೆ; ಶಾಲೆ ಕೊಡುವ ಶಾಸ್ತ್ರದ ತಿಳುವಳಿಕೆ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ; ಎರಡೂ ಒಂದನ್ನೊಂದು ಮುಟ್ಟಬೇಕು ಎಂಬುದು ಅವರ ವಾದದ ತಿರುಳು. ಬಾಳಿನ ತಿಳುವಳಿಕೆ ಒಂದೇ ಸಾಲದು. ಮೆಣಸಿನಕಾಯಿಯ ಲೆಕ್ಕ ಬಲ್ಲವಳು ಕಾಲು, ಅರ್ಧ, ಮುಕ್ಕಾಲನ್ನು ದಾಟಿ 680 ಗ್ರಾಮಿಗೆ ಬಂದರೆ ನಿಲ್ಲುತ್ತಾಳೆ. ಅಲ್ಲಿ ಶಾಲೆಯ ದಶಮಾಂಶ ಬೇಕು. ಶಾಸ್ತ್ರದ ತಿಳುವಳಿಕೆ ಒಂದೇ ಆದರೆ ಅದು ಗಿಣಿಪಾಠ. ಶಾಲೆಯ ನಿಜವಾದ ಕೆಲಸ ಇವೆರಡನ್ನೂ ಕೂಡಿಸುವುದು.

ಮಕ್ಕಳ ತಪ್ಪುಗಳನ್ನೇ ಸ್ವಲ್ಪ ಗಮನವಿಟ್ಟು ನೋಡಿ. 42ರಲ್ಲಿ 17 ಕಳೆ ಎಂದರೆ ಎಷ್ಟೋ ಮಕ್ಕಳು 35 ಎಂದು ಬರೆಯುತ್ತಾರೆ. ಎರಡರಲ್ಲಿ ಏಳು ಹೋಗುವುದಿಲ್ಲ, ಆದ್ದರಿಂದ ಏಳರಲ್ಲಿ ಎರಡು ಕಳೆದು ಐದು ಬರೆದರು. ಇದು ಅಜಾಗರೂಕತೆಯಲ್ಲ, ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕೆಂದು ಕಲಿಸಿದ ನಿಯಮವನ್ನು ಅವರು ಶ್ರದ್ಧೆಯಿಂದ ಪಾಲಿಸಿದ್ದಾರೆ. 42ರಲ್ಲಿರುವ 4 ಎಂದರೆ ನಾಲ್ಕು ಹತ್ತರ ನೋಟು ಎಂಬುದು ಅವರಿಗೆ ತಿಳಿದಿಲ್ಲ. ಒಂದು ಹತ್ತರ ನೋಟನ್ನು ಮುರಿಸಿ ಚಿಲ್ಲರೆ ಮಾಡಿಕೊಂಡು ಏಳು ಕೊಡುವುದನ್ನು ಅಂಗಡಿಯಲ್ಲಿ ನೂರು ಸಲ ನೋಡಿದ್ದಾರೆ. ‘ಪಕ್ಕದ ಮನೆಯಿಂದ ಸಾಲ ತೆಗೆದುಕೋ’ ಎಂಬ ಶಾಲೆಯ ಮಾತಿಗೂ ಆ ನೋಟು ಮುರಿಸುವುದಕ್ಕೂ ಸಂಬಂಧವಿದೆಯೆಂದು ಯಾರೂ ಹೇಳಿಲ್ಲ. ಹಾಗೆಯೇ ಮೂರನೇ ಒಂದು ಭಾಗ ದೊಡ್ಡದೋ ನಾಲ್ಕನೇ ಒಂದು ಭಾಗ ದೊಡ್ಡದೋ ಎಂದರೆ, ಮೂರಕ್ಕಿಂತ ನಾಲ್ಕು ದೊಡ್ಡದಲ್ಲವೇ ಎಂದು ನಾಲ್ಕನೇ ಒಂದನ್ನು ತೋರಿಸುತ್ತಾರೆ. ಒಂದು ಅಕ್ಕಿರೊಟ್ಟಿಯನ್ನು ಮೂವರು ಹಂಚಿಕೊಳ್ಳುವ ಮನೆಯಲ್ಲಿ ಕೂರುತ್ತೀಯೋ ನಾಲ್ವರು ಹಂಚಿಕೊಳ್ಳುವ ಮನೆಯಲ್ಲೋ ಎಂದು ಕೇಳಿದರೆ ಹಸಿದ ಮಗು ಒಂದು ಗಳಿಗೆಯೂ ತಪ್ಪುವುದಿಲ್ಲ.

ದೊಡ್ಡವರೂ ಒಮ್ಮೆ ವಿದ್ಯಾರ್ಥಿಗಳಾಗಿದ್ದರು

ದಡ್ಡತನದ ಮಾತಾಡುವ ದೊಡ್ಡವರು 1957ನ್ನು ನೆನೆಯಬೇಕು. ಆ ವರ್ಷ ಏಪ್ರಿಲ್ 1ರಂದು ದಶಮಾನ ನಾಣ್ಯ ಬಂತು. ಅಂದಿನವರೆಗೆ ರೂಪಾಯಿಗೆ 16 ಆಣೆ, 64 ಪೈಸೆ. ಅಂದಿನಿಂದ ರೂಪಾಯಿಗೆ 100 ನಯಾ ಪೈಸೆ. ಹಳೆಯ ನಾಣ್ಯ, ಹೊಸ ನಾಣ್ಯ ಕೆಲವು ವರ್ಷ ಜೊತೆಯಲ್ಲೇ ಓಡಿದವು. ನಾಲ್ಕಾಣೆಗೆ 25, ಎಂಟಾಣೆಗೆ 50 ಎಂಬುದು ಸುಲಭ. ಒಂದಾಣೆಗೆ ಮಾತ್ರ ಆರೂಕಾಲು. ಆ ಕಾಲನ್ನು ಕೊಡುವುದು ಯಾರು, ಬಿಡುವುದು ಯಾರು? ಅದರ ಬೆನ್ನಿಗೇ 1956ರ ಕಾಯ್ದೆಯಂತೆ ಸೇರು ಹೋಗಿ ಕಿಲೋ, ಗಜ ಹೋಗಿ ಮೀಟರು ಹಂತಹಂತವಾಗಿ ಬಂದವು. ದೇಶದ ವ್ಯಾಪಾರಿಗಳು, ಕೂಲಿಕಾರರು, ಮನೆಯ ಹೆಂಗಸರು ಎಲ್ಲರೂ ಒಮ್ಮೆಲೇ ಒಂದನೆಯ ತರಗತಿಯ ಮಕ್ಕಳಾದರು.

ಆಗ ಯಾರೂ ನಪಾಸಾಗಲಿಲ್ಲ. ಕಾರಣವೇನು? ಕಲಿಯಬೇಕಾದ ವಸ್ತು ದಿನವೂ ಕೈಯಲ್ಲಿತ್ತು. ಹಳೆಯದಕ್ಕೂ ಹೊಸದಕ್ಕೂ ಹೊಂದಿಸಿ ತೋರಿಸುವ ಪಟ್ಟಿ ಕಣ್ಣೆದುರಿಗಿತ್ತು. ತಪ್ಪಾದರೆ ಗಿರಾಕಿ ಆಗಲೇ ಹೇಳುತ್ತಿದ್ದ. ಕಲಿಯಲು ಒಂದು ದಿನ, ಒಂದು ವಾರವೆಂಬ ಗಡುವಿರಲಿಲ್ಲ, ವರ್ಷಗಳ ಕಾಲಾವಕಾಶವಿತ್ತು. ಹಳೆಯ ತಿಳುವಳಿಕೆಯನ್ನು ಯಾರೂ ಹೀಯಾಳಿಸಲಿಲ್ಲ. 25 ಪೈಸೆಯ ನಾಣ್ಯವೇ 2011ರ ಜೂನ್ 30ರ ಬಳಿಕ ಚಲಾವಣೆಯಿಂದ ಹೋಯಿತು. ನಾಲ್ಕಾಣೆ, ಎಂಟಾಣೆ ಎಂಬ ಮಾತು ಇನ್ನೂ ನಮ್ಮ ಬಾಯಲ್ಲಿದೆ. ದೊಡ್ಡವರಿಗೆ ಕೊಟ್ಟ ಈ ತಾಳ್ಮೆಯನ್ನು ಆರು ವರ್ಷದ ಕೂಸಿಗೆ ಏಕೆ ಕೊಡಬಾರದು?

ಹಿಂದೆ ಬೀಳುವವರು ಯಾರು?

ಎಲ್ಲ ಮಕ್ಕಳೂ ತಡವರಿಸುತ್ತಾರೆ. ಆದರೆ ಎಲ್ಲರೂ ಹಿಂದೆ ಉಳಿಯುವುದಿಲ್ಲ. ಉಳ್ಳವರ ಮಗು ತಡವರಿಸಿದರೆ ಮನೆಪಾಠದ ಮೇಷ್ಟರು ಬರುತ್ತಾರೆ, ಓದಿದ ತಾಯಿ ಪಕ್ಕ ಕೂರುತ್ತಾಳೆ. ತಪ್ಪಿಹೋದ ಮೆಟ್ಟಿಲನ್ನು ಹಣ ಕಟ್ಟಿಕೊಡುತ್ತದೆ. ಗಣಿತವೋ ಮೆಟ್ಟಿಲಿನ ವಿದ್ಯೆ. ಸ್ಥಾನಬೆಲೆ ತಿಳಿಯದವನಿಗೆ ಕಳೆಯುವುದು ಬಾರದು, ಕಳೆಯುವುದು ಬಾರದವನಿಗೆ ಭಾಗಿಸುವುದು ಬಾರದು, ಭಾಗಿಸಲಾರದವನಿಗೆ ಭಿನ್ನರಾಶಿಯೂ ಇಲ್ಲ, ಶೇಕಡಾ ಲೆಕ್ಕವೂ ಇಲ್ಲ. ಎರಡನೆಯ ತರಗತಿಯಲ್ಲಿ ಮುರಿದ ಒಂದು ಮೆಟ್ಟಿಲು ಹತ್ತನೆಯ ತರಗತಿಯಲ್ಲಿ ಕಾಲು ಮುರಿಯುತ್ತದೆ.

ನಮ್ಮ ಜಿಲ್ಲೆಯಲ್ಲಿ ಈ ಮೆಟ್ಟಿಲು ಮುರಿಯಲು ಕಾರಣಗಳು ಹಲವು. ನವೆಂಬರಿನಿಂದ ಮಾರ್ಚಿಯವರೆಗೆ, ಮೊದಲು ಅರೇಬಿಕಾ ಆಮೇಲೆ ರೋಬಸ್ಟಾ, ಕಾಫಿ ಕೊಯ್ಲು. ಲೈನ್ ಮನೆಗಳ ಕುಟುಂಬಗಳು ಕೆಲಸವಿದ್ದ ಕಡೆಗೆ ತೋಟದಿಂದ ತೋಟಕ್ಕೆ ಹೋಗುತ್ತವೆ. ತಮ್ಮನನ್ನು ನೋಡಿಕೊಳ್ಳಲು ಅಕ್ಕ ಶಾಲೆ ಬಿಡುತ್ತಾಳೆ. ಮಳೆಗಾಲದಲ್ಲಿ ಗಾಳಿಮಳೆಯ ರಜೆಗಳು. 2018ರ ಆಗಸ್ಟಿನಂತೆ ಗುಡ್ಡವೇ ಜರಿದ ವರ್ಷವೂ ಉಂಟು. ಇವೆಲ್ಲಕ್ಕೂ ಮೇಲೆ ಕೊರೋನಾ. 2020ರ ಮಾರ್ಚಿಯಲ್ಲಿ ಮುಚ್ಚಿದ ಶಾಲೆ ಒಂದರಿಂದ ಐದರವರೆಗಿನ ಮಕ್ಕಳಿಗೆ ರಾಜ್ಯದಲ್ಲಿ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಒಂದನೆಯ ತರಗತಿಯನ್ನು ಕಣ್ಣಿನಿಂದ ನೋಡದೆಯೇ ಎರಡನೆಯ ತರಗತಿಗೆ ಬಂದ ಮಕ್ಕಳ ತಲೆಮಾರೊಂದು ನಮ್ಮ ನಡುವೆ ಬೆಳೆಯುತ್ತಿದೆ. ಸರ್ಕಾರ 2022–23ರಲ್ಲಿ ‘ಕಲಿಕಾ ಚೇತರಿಕೆ’ ನಡೆಸಿತು, ಒಳ್ಳೆಯದು. ಎರಡು ವರ್ಷದ ನಷ್ಟ ಒಂದು ವರ್ಷದಲ್ಲಿ ತುಂಬುವಂಥದಲ್ಲ.

ಭಾಷೆಯ ಮಾತೂ ಇದೆ. ಕೊಡವ ತಕ್ಕು, ಅರೆಭಾಷೆ, ಯರವರ ನುಡಿ, ಕುರುಬರ ನುಡಿ, ತುಳು, ಮಲಯಾಳ, ತಮಿಳು, ಇತ್ತೀಚೆಗೆ ತೋಟಗಳಿಗೆ ಬಂದ ಅಸ್ಸಾಮಿ, ಬಂಗಾಳಿ: ಇಷ್ಟು ಮನೆಮಾತುಗಳ ಜಿಲ್ಲೆ ನಮ್ಮದು. ಇಂಥ ಮಗುವಿಗೆ ಶಾಲೆಯ ಕನ್ನಡವೇ ಹೊಸದು. ಮನೆಯಲ್ಲಿ ಕನ್ನಡವಾಡುವ ಮಗುವಿಗೂ ಪಠ್ಯಪುಸ್ತಕದ ಕನ್ನಡ ಇನ್ನೊಂದು ಭಾಷೆಯೇ ಸರಿ. ಕಳೆಯುವುದು ಗೊತ್ತು, ‘ವ್ಯವಕಲನ’ ಗೊತ್ತಿಲ್ಲ. ಪಾಲು ಗೊತ್ತು, ‘ಛೇದ’ ಗೊತ್ತಿಲ್ಲ. ಕಾಫಿಗೆ ಎಷ್ಟು ನೆರಳು ಬೇಕು, ಎಷ್ಟು ಬಿಸಿಲು ಬೇಕು, ಮರಗಸಿ ಏಕೆ ಮಾಡುತ್ತಾರೆ ಎಂದು ಬಲ್ಲ ಹುಡುಗ ‘ದ್ಯುತಿಸಂಶ್ಲೇಷಣೆ’ ಎಂಬ ಶಬ್ದವನ್ನು ಉಚ್ಚರಿಸಲಾಗದೆ ವಿಜ್ಞಾನದಲ್ಲಿ ಸೋಲುತ್ತಾನೆ. ಶಾಸ್ತ್ರಕ್ಕೆ ಶಾಸ್ತ್ರದ ಶಬ್ದ ಬೇಕು, ನಾವು ಒಪ್ಪುತ್ತೇವೆ. ವಸ್ತು ತಿಳಿದ ಮೇಲೆ ಶಬ್ದ ಬರಲಿ. ಶಬ್ದವೇ ಬಾಗಿಲ ಬೀಗವಾಗಬಾರದು.

ಇನ್ನು ಕೆಲವು ಮಕ್ಕಳ ಕಷ್ಟ ಕಣ್ಣಿನದು, ಕಿವಿಯದು. ಹಲಗೆ ಕಾಣದ ಹುಡುಗನಿಗೆ ಕನ್ನಡಕ ಬೇಕೇ ಹೊರತು ಬೆತ್ತವಲ್ಲ. ಕೆಲವರಿಗೆ ಬುದ್ಧಿ ಚುರುಕಾಗಿದ್ದರೂ ಅಕ್ಷರಗಳು ಕೂಡಿಬರುವುದಿಲ್ಲ. ಡಿಸ್ಲೆಕ್ಸಿಯದಂಥ ಈ ತೊಡಕನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ನಿರ್ದಿಷ್ಟ ಕಲಿಕಾ ನ್ಯೂನತೆಯೆಂದು ಗುರುತಿಸಿದೆ. ಗುರುತಿಸಬಲ್ಲವರು ಹಳ್ಳಿಯ ಶಾಲೆಗೆ ತಲುಪಬೇಕಷ್ಟೆ.

ಹೀಗಿರಲು, ‘ಅಸರ್’ ಎಂಬ ಗ್ರಾಮೀಣ ಶಿಕ್ಷಣದ ಸಮೀಕ್ಷೆ 2024ರಲ್ಲಿ ಕಂಡದ್ದು ಆಶ್ಚರ್ಯವಲ್ಲ. ದೇಶದ ಹಳ್ಳಿಗಳಲ್ಲಿ ಐದನೆಯ ತರಗತಿಯ ಮಕ್ಕಳ ಪೈಕಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು ನೂರಕ್ಕೆ 49ರಷ್ಟು. ಸಾಮಾನ್ಯ ಭಾಗಾಕಾರ ಮಾಡಬಲ್ಲವರು ನೂರಕ್ಕೆ 31ರಷ್ಟು. 2011ರ ಜನಗಣತಿಯಲ್ಲಿ ಕೊಡಗಿನ ಸಾಕ್ಷರತೆ ನೂರಕ್ಕೆ 82.6 ಎಂದು ನಾವು ಹೆಮ್ಮೆಪಡುತ್ತೇವೆ. ಸಹಿ ಹಾಕುವುದು ಒಂದು, ಸಹಿ ಹಾಕಿದ ಕಾಗದದಲ್ಲಿ ಏನಿದೆಯೆಂದು ತಿಳಿಯುವುದು ಇನ್ನೊಂದು. 1993ರಲ್ಲೇ ಪ್ರೊ. ಯಶಪಾಲ್ ಅವರ ಸಮಿತಿ ಎಚ್ಚರಿಸಿತ್ತು: ಮಕ್ಕಳ ಬೆನ್ನಿನ ಚೀಲದ ಭಾರಕ್ಕಿಂತ ಅರ್ಥವಾಗದಿರುವುದರ ಭಾರ ದೊಡ್ಡದು ಎಂದು. ಚೀಲವನ್ನು ತೂಗಲು ಇಲಾಖೆ ಆಜ್ಞೆ ಹೊರಡಿಸಿತು. ಅರ್ಥವಾಗದಿರುವುದನ್ನು ತೂಗುವ ತಕ್ಕಡಿ ಇನ್ನೂ ಬಂದಿಲ್ಲ.

ಲೆಕ್ಕ ಬಾರದವನ ಗತಿ

ಇದು ಕೇವಲ ಅಂಕಪಟ್ಟಿಯ ಪ್ರಶ್ನೆಯಾಗಿದ್ದರೆ ನಾವು ಇಷ್ಟು ದೀರ್ಘವಾಗಿ ಬರೆಯುತ್ತಿರಲಿಲ್ಲ. ಅಳತೆ ಯಾರ ಕೈಯಲ್ಲಿದೆಯೋ ಅಧಿಕಾರ ಅವರ ಕೈಯಲ್ಲಿ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಎದ್ದು ನಿಂತಾಗ ಅವರ ಮುಖ್ಯ ಅಳಲು ಯಾವುದು? ಗೇಣಿಯ ಭತ್ತ ಅಳೆಯುವ ಕೊಳಗದ ಗಾತ್ರ. ಕೊಳಗ ಸ್ವಲ್ಪ ದೊಡ್ಡದಾದರೆ ವರ್ಷದ ಬೆವರು ಸದ್ದಿಲ್ಲದೆ ಒಡೆಯನ ಕಣಜಕ್ಕೆ ಹೋಗುತ್ತದೆ. ಆ ರೈತರು ಕೊಳಗವನ್ನು ಲೆಕ್ಕ ಹಾಕಿದರು. ಆದುದರಿಂದಲೇ ಸತ್ಯಾಗ್ರಹ ಹುಟ್ಟಿತು.

ಇಂದಿನ ಕೊಳಗ ಕಾಗದದ ಮೇಲಿದೆ. ಒಬ್ಬ ಕೂಲಿಕಾರ ಅಥವಾ ಸಣ್ಣ ಅಂಗಡಿಯವನು 12,000 ರೂಪಾಯಿ ಸಾಲ ತರುತ್ತಾನೆಂದು ಇಟ್ಟುಕೊಳ್ಳಿ. ‘ನೂರಕ್ಕೆ 12 ಮಾತ್ರ’ ಎನ್ನುತ್ತಾರೆ. ವರ್ಷಕ್ಕೆ ಬಡ್ಡಿ 1,440. ಅಸಲು ಸೇರಿ ತಿಂಗಳಿಗೆ 1,120ರಂತೆ ಹನ್ನೆರಡು ಕಂತು. ಕೇಳಲು ನ್ಯಾಯವಾಗಿಯೇ ಇದೆ. ಆದರೆ 12,000 ಅವನ ಕೈಯಲ್ಲಿ ವರ್ಷವಿಡೀ ಇರುವುದಿಲ್ಲ. ಪ್ರತಿ ತಿಂಗಳೂ ಸಾವಿರ ಅಸಲು ತೀರುತ್ತ ಕೊನೆಯ ತಿಂಗಳಲ್ಲಿ ಉಳಿಯುವುದು ಸಾವಿರವೇ. ಸರಾಸರಿ ನೋಡಿದರೆ ಅವನ ಕೈಯಲ್ಲಿದ್ದ ಸಾಲ 6,500. 6,500ಕ್ಕೆ 1,440 ಬಡ್ಡಿಯೆಂದರೆ ನೂರಕ್ಕೆ ಸುಮಾರು 22. ಹನ್ನೆರಡು ಎಂದು ಹೇಳಿ ಇಪ್ಪತ್ತೆರಡು ಕಿತ್ತುಕೊಂಡರು. ಕಿರುಸಾಲದ ವಸೂಲಿಯ ಕಿರುಕುಳ ಮಿತಿಮೀರಿ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಕಾನೂನು ಬೇಕು. ಅದರ ಜೊತೆಗೆ, ಸರಾಸರಿ ಎಂದರೇನು, ಶೇಕಡಾ ಎಂದರೇನು ಎಂಬುದು ಕೂಲಿಕಾರನ ಮಗಳ ತಲೆಯಲ್ಲಿ ಗಟ್ಟಿಯಾಗಿ ಕೂರಬೇಕು. ಅಪ್ಪ ಸಹಿ ಹಾಕುವ ಮೊದಲು ಅವಳು ‘ತಡೆಯಿರಿ, ಲೆಕ್ಕ ಹಾಕೋಣ’ ಎನ್ನಬೇಕು. ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಹಿರಿಯರು ಹೇಳಿದರು. ಲೆಕ್ಕ ಬಲ್ಲವನಿಗೆ ಮೋಸವಿಲ್ಲ ಎಂದು ನಾವು ಸೇರಿಸುತ್ತೇವೆ.

ಏನು ಮಾಡಬೇಕು?

ದಾರಿಯಿಲ್ಲವೆಂದಲ್ಲ. ದಾರಿ ನಮ್ಮ ನೆರೆಯಲ್ಲೇ ಹುಟ್ಟಿದೆ. ಕೊಡಗಿಗೆ ಅಂಟಿಕೊಂಡ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಯ ಉಪಾಧ್ಯಾಯರು 1995ರಲ್ಲಿ ಆಂಧ್ರದ ರಿಷಿವ್ಯಾಲಿಗೆ ಹೋಗಿ ಅಲ್ಲಿನ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು ‘ನಲಿ–ಕಲಿ’ಯನ್ನು ಆರಂಭಿಸಿದರು. ಮಗು ಕಾರ್ಡು, ಆಟ, ಹಾಡುಗಳ ಮೂಲಕ ತನ್ನ ವೇಗದಲ್ಲಿ ಒಂದೊಂದು ಮೆಟ್ಟಿಲೇರುವುದು, ರಜೆಯಾಗಿ ಬಂದರೆ ನಿಂತ ಮೆಟ್ಟಿಲಿನಿಂದಲೇ ಮುಂದುವರಿಯುವುದು ಅದರ ಸಾರ. ಕೊಯ್ಲಿಗೆ ಶಾಲೆ ತಪ್ಪುವ ಮಕ್ಕಳಿಗೆ ಇದಕ್ಕಿಂತ ಹೊಂದುವ ಪದ್ಧತಿ ಯಾವುದು? 2009–10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಇದು ಹಬ್ಬಿತು. ಆದರೆ ಉಪಾಧ್ಯಾಯರ ಸ್ವಂತ ಉತ್ಸಾಹದಿಂದ ಹುಟ್ಟಿದ್ದು ಮೇಲಿನ ಆಜ್ಞೆಯಾಗಿ ಇಳಿದಾಗ ಎಷ್ಟೋ ಕಡೆ ಕಾರ್ಡುಗಳು ಉಳಿದು ಜೀವ ಹೋಯಿತು. ಅಲ್ಲದೆ ಅದು ಮೊದಲ ತರಗತಿಗಳ ಆಚೆಗೆ ದಾಟಲಿಲ್ಲ. ನಾಲ್ಕನೆಯ ತರಗತಿಯಲ್ಲಿ ಮಗು ಮತ್ತೆ ಹಳೆಯ ಗಿಣಿಪಾಠಕ್ಕೆ ಬೀಳುತ್ತದೆ.

ಇನ್ನೊಂದು ಒಳ್ಳೆಯ ಪದ್ಧತಿ ‘ಮಕ್ಕಳ ಸಂತೆ’. ಈಚಿನ ವರ್ಷಗಳಲ್ಲಿ ರಾಜ್ಯದ ಅನೇಕ ಶಾಲೆಗಳ ಅಂಗಳದಲ್ಲಿ ಮಕ್ಕಳು ಸೊಪ್ಪು, ತರಕಾರಿ, ತಿಂಡಿ ತಂದು ಮಾರುತ್ತಾರೆ. ಅತಿಥಿಗಳು ಬರುತ್ತಾರೆ, ಭಾಷಣವಾಗುತ್ತದೆ, ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ಮರುದಿನ? ಮರುದಿನ ಹಲಗೆಯ ಮೇಲೆ ಮತ್ತೆ 60 ಗುಣಿಲೆ 0.75. ನಿನ್ನೆ ನೀನು ಮುಕ್ಕಾಲು ಕಿಲೋ ಮಾರಿದ್ದು ಇದೇ ಎಂದು ತೋರಿಸುವವರಿಲ್ಲ. ಸಂತೆ ನಡೆದ ದಿನ ಪಾಠಕ್ಕೆ ಸಾಮಾನು ಸಿಗುತ್ತದೆ. ಪಾಠ ನಡೆಯಬೇಕಾದದ್ದು ಮರುದಿನ. ಪ್ರತಿ ಮಗುವೂ ತನ್ನ ವ್ಯಾಪಾರವನ್ನು ಹೇಗೆ ಲೆಕ್ಕ ಹಾಕಿತೆಂದು ಬಾಯಿಂದ ಹೇಳಲಿ, ಅದನ್ನು ಹಲಗೆಯ ಒಂದು ಬದಿಗೆ ಬರೆಯಲಿ, ಪುಸ್ತಕದ ಕ್ರಮವನ್ನು ಇನ್ನೊಂದು ಬದಿಗೆ ಬರೆಯಲಿ, ಎಲ್ಲಿ ಎರಡೂ ಒಂದಾದವು ಎಂದು ಗೆರೆ ಎಳೆಯಲಿ. ಖರ್ಚಿಲ್ಲದ ಕೆಲಸ ಇದು. ಸಂತೆಯ ಊರುಗಳಾದ ಶನಿವಾರಸಂತೆ, ಸೋಮವಾರಪೇಟೆಗಳ ಶಾಲೆಗಳು ಇದನ್ನು ವರ್ಷಕ್ಕೊಮ್ಮೆಯ ಹಬ್ಬವಾಗಿ ಬಿಡದೆ ವಾರದ ಪಾಠವಾಗಿ ಮಾಡಿ ಜಿಲ್ಲೆಗೆ ದಾರಿ ತೋರಿಸಬಹುದು.

ಮಗ್ಗಿ ಬೇಡವೆಂದು ನಾವು ಹೇಳುವುದಿಲ್ಲ. ನಾಲಿಗೆಯ ಮೇಲೆ ಮಗ್ಗಿ ಇದ್ದರೆ ತಲೆಗೆ ಬೇರೆ ಯೋಚನೆಗೆ ಬಿಡುವು ಸಿಗುತ್ತದೆ. ಏಳೆಂಟಲ 56 ಎಂದರೆ ಎಂಟರ ಏಳು ಗುಂಪು ಎಂಬುದೂ ಗೊತ್ತಿರಲಿ ಎಂಬುದಷ್ಟೇ ನಮ್ಮ ಮಾತು. ಉಪಾಧ್ಯಾಯರನ್ನು ಹಳಿಯುವುದೂ ನಮ್ಮ ಉದ್ದೇಶವಲ್ಲ. 60 ಮಕ್ಕಳವರೆಗೆ ಇಬ್ಬರು ಉಪಾಧ್ಯಾಯರು ಎಂಬುದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕ. ಇಬ್ಬರಿಗೆ ಐದು ತರಗತಿ. ಒಬ್ಬರು ರಜೆ ಹಾಕಿದರೆ ಒಬ್ಬರಿಗೆ ಐದು. ಅದರ ಮೇಲೆ ಬಿಸಿಯೂಟದ ಲೆಕ್ಕ, ಇಲಾಖೆಯ ನಮೂನೆಗಳು, ಚುನಾವಣೆಯ ಕೆಲಸ. ಹೀಗಿರುವಾಗ ಪ್ರತಿ ಮಗುವಿನ ತಪ್ಪಿನ ಮೂಲ ಹುಡುಕು ಎಂದರೆ ಯಾರಿಂದಾದೀತು?

ಆದುದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ. ಮೊದಲನೆಯದಾಗಿ, ಸರ್ಕಾರ ಖಾಲಿ ಹುದ್ದೆಗಳನ್ನು ತುಂಬಲಿ. ಜನಗಣತಿ, ವಿಕೋಪ ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಉಪಾಧ್ಯಾಯರನ್ನು ಎಳೆಯಬಾರದೆಂಬ ಕಾನೂನನ್ನು ತಾನೇ ಪಾಲಿಸಲಿ. ಎರಡನೆಯದಾಗಿ, ಐದನೆಯ ತರಗತಿಯವರೆಗೆ ದಿನಕ್ಕೊಂದು ಗಂಟೆ ಮಕ್ಕಳನ್ನು ತರಗತಿಯಂತೆ ಕೂರಿಸದೆ, ಅವರು ನಿಂತಿರುವ ಮೆಟ್ಟಿಲಿನಂತೆ ಕೂರಿಸಿ ಕಲಿಸಲಿ. ಮೂರನೆಯದಾಗಿ, ಮೊದಲ ವರ್ಷಗಳಲ್ಲಿ ಮನೆಮಾತಿಗೂ ಆಡುಮಾತಿಗೂ ತರಗತಿಯಲ್ಲಿ ಜಾಗ ಸಿಗಲಿ. ನಾಲ್ಕನೆಯದಾಗಿ, ಕೊಯ್ಲಿನಲ್ಲೂ ಮಳೆಯಲ್ಲೂ ತಪ್ಪಿದ ಪಾಠಗಳನ್ನು ತುಂಬಿಕೊಡಲು ಲೆಕ್ಕವಿಟ್ಟು ದಿನಗಳನ್ನು ಮೀಸಲಿಡಲಿ.

ಕಾರ್ಮಿಕ ಬಂಧುಗಳಿಗೂ ವರ್ತಕ ಬಂಧುಗಳಿಗೂ ಎರಡು ಮಾತು. ಶಾಲಾಭಿವೃದ್ಧಿ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ತಂದೆತಾಯಿಗಳೇ ಇರಬೇಕೆಂಬುದು ಕಾಯ್ದೆ. ಆ ಕುರ್ಚಿಯನ್ನು ಗುತ್ತಿಗೆದಾರನಿಗೆ ಬಿಟ್ಟುಕೊಡಬೇಡಿ. ಕೊಠಡಿಗೆ ಬಣ್ಣ ಹೊಡೆಸಿದ ಲೆಕ್ಕ ಕೇಳುವ ಹಾಗೆಯೇ, ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಭಾಗಾಕಾರ ಬರುತ್ತದೆ ಎಂಬ ಲೆಕ್ಕವನ್ನೂ ಕೇಳಿ. ಅಂಗಡಿಯ ಮೂಲೆಯಲ್ಲಿ ಬಿದ್ದಿರುವ ಹಳೆಯ ತಕ್ಕಡಿ, ತೂಕದ ಕಲ್ಲು, ಹಳೆಯ ಬಿಲ್ಲುಪುಸ್ತಕಗಳನ್ನು ಶಾಲೆಗೆ ಕೊಡಿ. ಮೇಷ್ಟರಿಗೆ ಅದಕ್ಕಿಂತ ಒಳ್ಳೆಯ ಪಾಠೋಪಕರಣ ಸಿಗದು. ಮನೆಯಲ್ಲಿ ಮಗು ಲೆಕ್ಕ ತಪ್ಪಿ ಬಂದರೆ ‘ಎಷ್ಟು ಅಂಕ?’ ಎಂದು ಕೇಳುವ ಮುಂಚೆ ‘ಹೇಗೆ ಮಾಡಿದೆ, ಹೇಳು’ ಎಂದು ಕೇಳಿ. ನಿಮಗೆ ಶಾಲೆಯ ಲೆಕ್ಕ ಬಾರದಿದ್ದರೂ ಚಿಂತೆಯಿಲ್ಲ. ಮಗು ಹೇಳುತ್ತ ಹೇಳುತ್ತ ತಾನು ಎಲ್ಲಿ ತಪ್ಪಿದೆನೆಂದು ಎಷ್ಟೋ ಸಲ ತಾನೇ ಕಂಡುಕೊಳ್ಳುತ್ತದೆ.

ಮುಂದಿನ ಸಲ ಶಾಲೆಯಿಂದ ‘ನಿಮ್ಮ ಮಗುವಿನ ತಲೆಗೆ ಹತ್ತುವುದಿಲ್ಲ’ ಎಂಬ ಮಾತು ಬಂದರೆ ಕೈಕಟ್ಟಿ ತಲೆತಗ್ಗಿಸಿ ನಿಲ್ಲಬೇಡಿ. ಮರ್ಯಾದೆಯಿಂದಲೇ ಕೇಳಿ: ಯಾವುದು ಹತ್ತಲಿಲ್ಲ? ಯಾವ ಮೆಟ್ಟಿಲಿನಲ್ಲಿ ನಿಂತಿತು? ಅದನ್ನು ದಾಟಿಸಲು ಏನು ಮಾಡಿದಿರಿ, ನಾವೇನು ಮಾಡಬೇಕು? ಈ ಪ್ರಶ್ನೆ ಕೇಳುವ ತಂದೆತಾಯಿಗಳು ಪ್ರತಿ ಊರಿನಲ್ಲೂ ಹತ್ತು ಮಂದಿ ಹುಟ್ಟಿದರೆ ಸಾಕು, ಮಕ್ಕಳಿಗೆ ದಡ್ಡರೆಂಬ ಹಣೆಪಟ್ಟಿ ಹಚ್ಚುವುದು ತಾನಾಗಿ ನಿಲ್ಲುತ್ತದೆ.